ಬಣ್ಣ ನೆನಪಿಲ್ಲ ಎಂದ ಚಿಕ್ಕಪ್ಪ

ಟ್ರೊಮ್ಸೊ
೧೯ ಜನವರಿ ೧೯೭೫

ಯೊವ್ನಾ ಚಿಕ್ಕಪ್ಪನಿಗೆ,

ಈ ಕಾಗದ ನಿನಗೊಬ್ಬನಿಗೆ. ಅಪ್ಪನಿಗೆ ನೀನು ಓದಿ ಹೇಳಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅಪ್ಪನಿಗೆ ಅಕ್ಷರ ಬಾರದು ಎಂದು ಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಸಿಟ್ಟು ಬರುತ್ತದೆ. ಅಪ್ಪನ ಮೇಲಲ್ಲ, ನಮ್ಮ ಭಾಷೆಯಲ್ಲಿ ಒಂದಕ್ಷರ ಕಲಿಸದ ಶಾಲೆಯ ಮೇಲೆ. ಅದರ ಬಗ್ಗೆ ಒಂದು ಕರಪತ್ರ ಸಿಕ್ಕಿತು, ಜೊತೆಗಿಟ್ಟಿದ್ದೇನೆ. ಓದು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಬಿಯೆರಾ ಅಣ್ಣನ ಮಂಡಿಯೊಳಗೆ ಎರಡು ಕಬ್ಬಿಣದ ಕಡ್ಡಿ ಕೂರಿಸಿದ್ದಾರೆ. ಇನ್ನು ಅದು ಮಡಚುವುದಿಲ್ಲ. ಡಾಕ್ಟರು ಸಮಾಧಾನ ಹೇಳಿದರು: "ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಎಷ್ಟೋ ಇದೆಯಪ್ಪ."

"ನಮ್ಮ ಕಡೆ ಕುರ್ಚಿ ಇರೋದು ಪಾದ್ರಿ ಮನೇಲಿ ಮಾತ್ರ ಡಾಕ್ಟ್ರೇ. ಪಾದ್ರಿ ಇನ್ನೂ ಗಟ್ಟಿಯಾಗಿದಾರೆ" ಎಂದ ಅಣ್ಣ.

ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಒಂದು ಮಂಡಿಯನ್ನು ಸೀಟಿನ ಮೇಲೂರಿ, ಹಿಮಸ್ಕೂಟರನ್ನು ಓಡಿಸುತ್ತಲೇ ಕುಣಿಕೆ ಹಗ್ಗ ಬೀಸಿ ನಮ್ಮ ಮಂದೆಯ ಸಾರಂಗ ಹಿಡಿಯುತ್ತಿದ್ದವನು.

ಡಿಸೆಂಬರ್ ಆರನೇ ತಾರೀಖು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಣ್ಣ ಸ್ಟಾರ್ಟ್ ಮಾಡುವ ಹಗ್ಗ ಎಳೆದ, ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟ. ಬಿಟ್ಟರೂ ಇಂಜಿನ್ ಬಿಡಲಿಲ್ಲ, ಕಿರುಚುತ್ತಲೇ ಹೋಯಿತು. ಹಿಮದ ಮೇಲೆ ಜಾರುವ ಮುಂದಿನ ಹಲಗೆಗಳು ಎದ್ದುನಿಂತವು. ಬೇಲಿಯ ಗೂಟಕ್ಕೂ ಗಾಡಿಗೂ ನಡುವೆ ಅವನ ಕಾಲು ಸಿಕ್ಕಿತು. ಎಳೆದರೆ ಇಂಜಿನ್ ನಿಲ್ಲುವ ಕೆಂಪು ದಾರ ಅವನ ಮಣಿಕಟ್ಟಿನಲ್ಲಿ ಇರಲಿಲ್ಲ. ನಾವೆಲ್ಲ ಮಾಡುವ ಹಾಗೆ ಹ್ಯಾಂಡಲ್‌ಗೇ ಗಂಟು ಹಾಕಿತ್ತು.

ಹಿಂದಿನ ದಿನ ಆಕ್ಸಿಲರೇಟರ್ ಕೇಬಲ್ ಸರಿಮಾಡಿದವನು ನೀನು. ಆದ್ದರಿಂದ ಅಪ್ಪ ಎಲ್ಲರೆದುರು, "ಇನ್ಮೇಲೆ ನನ್ನ ಗಾಡಿ ಮೇಲೆ ನಿನ್ನ ಕೈ ಬೀಳ್ಬಾರ್ದು. ಏಪ್ರಿಲ್‌ನಲ್ಲಿ ನಾವು ಕರಾವಳಿಗೆ ಹೊರಟಾಗ ನಿನ್ನ ದಾರಿ ನಿಂಗೆ" ಎಂದುಬಿಟ್ಟ. ನೀನು ಬಾಯಿ ತೆರೆಯಲಿಲ್ಲ. ನಿನ್ನ ಸಾರಂಗ ಎಷ್ಟು ಎಂದು ಕೇಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಆದರೆ ಒಬ್ಬನೇ ಹೊಡೆದುಕೊಂಡು ಹೋಗುವಷ್ಟಿಲ್ಲ. ಗುಂಪು ಬಿಟ್ಟರೆ ಅವನ್ನು ಮಾರಿ ಮೀನು ಕಾರ್ಖಾನೆ ಸೇರಬೇಕಾಗುತ್ತದೆ.

ನಾನು ಅದಕ್ಕೆ ಬಿಡುವುದಿಲ್ಲ. ತಪ್ಪು ನಿನ್ನದಲ್ಲ. ನಮ್ಮ ಚಳಿ ಎಂಥದೆಂದು ತಿಳಿಯದವರು ಬೆಚ್ಚಗಿನ ಕೋಣೆಯಲ್ಲಿ ಕೂತು ಯಂತ್ರ ಮಾಡುತ್ತಾರೆ, ವ್ಯಾಪಾರಿ ತಂದು ನಮ್ಮ ತಲೆಗೆ ಕಟ್ಟುತ್ತಾನೆ. ಅದನ್ನು ಸಾಬೀತು ಮಾಡುತ್ತೇನೆ. ಆ ಗಾಡಿಯ ಇಂಜಿನ್‌ಗೆ ಪೆಟ್ರೋಲು, ಗಾಳಿ ಬಿಡುವ ಕಾರ್ಬ್ಯುರೇಟರ್ ಬಿಚ್ಚಿ ಕಳಿಸು. ಇಲ್ಲಿ ನಾನು ಸೇರಿರುವ ರಿಪೇರಿ ತರಗತಿಯಲ್ಲಿ ನನ್ನೆದುರಿಗೇ ತೆರೆಸಿ, ಏಪ್ರಿಲ್‌ಗೆ ಮೊದಲು ಕರಪತ್ರ ಅಚ್ಚು ಹಾಕಿಸುತ್ತೇನೆ.

ನಿನ್ನ
ರಿಸ್ಟೆನ್


ಚಳಿಗಾಲದ ಬಿಡಾರ
೨ ಫೆಬ್ರವರಿ

ರಿಸ್ಟೆನ್,

ನಿನ್ನ ಕಾಗದ ಬಂತು. ಅಪ್ಪನ ಹಾಳೆಯನ್ನು ಅಪ್ಪನಿಗೆ ಓದಿ ಹೇಳಿದೆ. ನಾನು ಓದುವಾಗ ಅವನು ಒಲೆಯನ್ನೇ ನೋಡುತ್ತಿರುತ್ತಾನೆ. ಬೇರೆ ಮಾತಿಲ್ಲ. ಕಾಗದ ಬಂದ ದಿನ ಮಾತ್ರ ನನ್ನನ್ನು ಒಳಗೆ ಕರೆಯುತ್ತಾನೆ, ಆದ್ದರಿಂದ ಆಗಾಗ ಬರಿ.

ಕರಪತ್ರ ಓದಿದೆ. ಕಾಗದ ದಪ್ಪಗಿದೆ, ಒಲೆ ಚೆನ್ನಾಗಿ ಹೊತ್ತಿಕೊಂಡಿತು. ಓದಿದ ಮೇಲೆಯೇ ಹೊತ್ತಿಸಿದ್ದು, ಕೋಪ ಮಾಡಿಕೊಳ್ಳಬೇಡ.

ಕಾರ್ಬ್ಯುರೇಟರ್ ಗಾಡಿಯಲ್ಲೇ ಇದೆ. ನಿನ್ನಪ್ಪ ಓಡಿಸುತ್ತಿದ್ದಾನೆ, ನಾನು ಮುಟ್ಟುವ ಹಾಗಿಲ್ಲ. ಓಡುವುದನ್ನು ದೂರದಿಂದ ನೋಡುತ್ತೇನೆ. ಗಾಡಿಯನ್ನು ತಳ್ಳುವ ಹಿಂದಿನ ರಬ್ಬರ್ ಪಟ್ಟಿ ಸಡಿಲವಾಗಿದೆ, ತಿರುಗುವಾಗ ಚಕ್ರದ ಹಲ್ಲಿನ ಮೇಲೆ ಜಾರುವ ಸದ್ದು ಬಿಡಾರದವರೆಗೂ ಕೇಳುತ್ತದೆ. ಹಿಂಭಾಗ ಎತ್ತಿ ನಿಲ್ಲಿಸಿ ನೋಡಿದರೆ ಪಟ್ಟಿ ನಡುವಿನಲ್ಲಿ ಎರಡು ಬೆರಳಿನಷ್ಟು ಮಾತ್ರ ಜೋತಿರಬೇಕು. ಈಗ ಅಂಗೈ ಹಿಡಿಸುತ್ತದೆ ಎಂದು ಕಾಣುತ್ತದೆ. ಎರಡೂ ಬದಿಯ ಬೋಲ್ಟನ್ನು ಸಮಸಮ ತಿರುಗಿಸಬೇಕು. ಒಂದೇ ಬದಿ ಬಿಗಿದರೆ ಪಟ್ಟಿ ಓರೆ ಓಡಿ ತನ್ನ ಅಂಚನ್ನು ತಾನೇ ತಿನ್ನುತ್ತದೆ. ಇದನ್ನು ನಿನ್ನ ಹಾಳೆಯಲ್ಲಿ ನೀನೇ ಹೇಳಿದ ಹಾಗೆ ಬರಿ. ನಾನು ಹೇಳಿದರೆ ಮಾಡುವುದಿಲ್ಲ.

ಯಾರ ಮೇಲೂ ಕರಪತ್ರ ಬೇಡ. ಕೋರ್ಸು ಮುಗಿಸು. ಒಣಮಾಂಸ ಕಳಿಸಿದ್ದೇನೆ, ಬಿಡಾರದಲ್ಲಿ ಮಾಡುವ ಹಾಗೆ ಕಾಫಿಯಲ್ಲಿ ನೆನೆಸಿ ತಿನ್ನು.

ಯೊವ್ನಾ


ಟ್ರೊಮ್ಸೊ
೧೪ ಫೆಬ್ರವರಿ

ಚಿಕ್ಕಪ್ಪ,

ಪಟ್ಟಿಯ ವಿಷಯ ಅಪ್ಪನ ಹಾಳೆಯಲ್ಲಿ ಬರೆದಿದ್ದೇನೆ. ಬೋಲ್ಟು, ಬೆರಳು ಎಲ್ಲ ಇದೆ. ನಿನ್ನ ವಿದ್ಯೆಯನ್ನು ನನ್ನ ಹೆಸರಿನಲ್ಲಿ ಮಾರಿದಂತಾಯಿತು. ಇದಕ್ಕೂ ಒಂದು ಕರಪತ್ರ ಬರೆಯಬಹುದು.

ಹನ್ನೊಂದು ಗಂಡಸರ ನಡುವೆ ನಾನೊಬ್ಬಳೇ ಹುಡುಗಿ. ಮೊದಲ ವಾರ ಒಬ್ಬ, "ಕಾಫಿ ಮಾಡೋಕೆ ಬಂದಿದೀಯೇನಮ್ಮಾ?" ಎಂದ. "ಹೌದು, ನಿನ್ನ ಪ್ಲಗ್ ನೋಡ್ದೆ, ಅದರ ಮೇಲಿರೋ ಮಸಿಯಲ್ಲೇ ಹತ್ತು ಜನಕ್ಕೆ ಆಗತ್ತೆ" ಎಂದೆ. ಪ್ಲಗ್‌ನ ತುದಿ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಇಂಜಿನ್ ಆರೋಗ್ಯ, ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬಿಳಿಯಾದರೆ ಇಂಜಿನ್ ಸುಡುತ್ತಿದೆ. ನೀನು ಕಲಿಸಿದ್ದು. ತೋರ್ಲೈಫ್ ಮೇಷ್ಟ್ರು ನಕ್ಕರು. ಅಂದಿನಿಂದ ನನ್ನನ್ನು ಮುಂದಿನ ಬೆಂಚಿಗೆ ಕರೆದರು.

ಮೇಷ್ಟ್ರನ್ನು ಕೇಳಿದೆ. ಕಾರ್ಬ್ಯುರೇಟರ್ ಒಳಗೆ ಆಕ್ಸಿಲರೇಟರ್ ಜೊತೆ ಮೇಲೆ ಕೆಳಗೆ ಆಡುವ ಕೊಳವೆ ಕೆಟ್ಟದಾಗಿ ಮಾಡಿದ್ದಾದರೆ ಅದರ ಮೇಲೆ ಗೀರು ಇರುತ್ತದಂತೆ. ಗೀರು ಇದ್ದರೆ ಕಾರ್ಖಾನೆಯ ತಪ್ಪು, ಇಲ್ಲದಿದ್ದರೆ ಅಲ್ಲ. ಅದನ್ನು ನೋಡದೆ ನಾನು ಏನೂ ಹೇಳುವ ಹಾಗಿಲ್ಲ. ಅಪ್ಪ ಇಲ್ಲದಾಗ ಬಿಚ್ಚಿ ಕಳಿಸು. ನಾಲ್ಕು ಸ್ಕ್ರೂ ಅಷ್ಟೇ, ನಿನಗೆ ಕಾಲು ಗಂಟೆಯ ಕೆಲಸ. ಅಂಗಡಿಯಲ್ಲಿ ಬೇರೆಯದು ಸಿಗುತ್ತದೆ.

ರಿಸ್ಟೆನ್


ಬಿಡಾರ
೨೪ ಫೆಬ್ರವರಿ

ರಿಸ್ಟೆನ್,

ಅದು ಈಗ ಇಲ್ಲ. ಹೊಸದು ಹಾಕಿದ್ದಾರೆ, ಹಳೆಯದು ಹಿಮದಲ್ಲಿ ಎಲ್ಲೋ ಬಿತ್ತು. ಹುಡುಕಿಸಬೇಡ.

ಪಟ್ಟಿ ಬಿಗಿ ಮಾಡಿದ್ದಾನೆ. ಎರಡೂ ಬದಿ ಸಮ ಇದೆ. ನಿನ್ನ ಹಾಳೆಯನ್ನು ಮೂರು ಸಲ ಓದಿಸಿದ.

ಯೊವ್ನಾ


ಟ್ರೊಮ್ಸೊ
೩ ಮಾರ್ಚ್

ಚಿಕ್ಕಪ್ಪನಿಗೆ,

ನಾಲ್ಕು ವಾರದ ಹಿಂದೆ ನೀನು ಅದು ಗಾಡಿಯಲ್ಲೇ ಇದೆ, ಮುಟ್ಟುವ ಹಾಗಿಲ್ಲ ಎಂದು ಬರೆದೆ. ಈಗ ಹಿಮದಲ್ಲಿ ಬಿತ್ತು ಎನ್ನುತ್ತೀಯ. ನನ್ನನ್ನು ಏನೆಂದುಕೊಂಡಿದ್ದೀಯ?

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಆಸ್ಪತ್ರೆಗೆ ಒಯ್ಯುವ ವಿಮಾನ ಬಂದು, ಎಲ್ಲರೂ ಅಣ್ಣನನ್ನು ಎತ್ತಿಕೊಂಡು ಅದು ಇಳಿದಿದ್ದ ಹೆಪ್ಪುಗಟ್ಟಿದ ಸರೋವರದ ಕಡೆ ಓಡುತ್ತಿದ್ದಾಗ ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ. ನೀನು ಬರುತ್ತಿರಲಿಲ್ಲ. ಬಾನೆಟ್ ತೆಗೆದು ಬರಿಗೈಯಲ್ಲಿ ಏನೋ ಬಿಚ್ಚುತ್ತಿದ್ದೆ. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಬರಿಗೈ! ಪಾಪ, ತಲೆ ಕೆಟ್ಟಿದೆ ಎಂದುಕೊಂಡೆ. ಈಗ ಹಾಗನ್ನಿಸುತ್ತಿಲ್ಲ. ನೀನು ಒರೆಸುತ್ತಿದ್ದೆ. ನಿನ್ನ ಕೈಗೆಲಸದ ಗುರುತನ್ನು ಅಳಿಸುತ್ತಿದ್ದೆ.

ಕೇಬಲ್ ಹೆಚ್ಚು ಬಿಗಿ ಮಾಡಿದರೆ ಆಕ್ಸಿಲರೇಟರ್ ವಾಪಸು ಬರುವುದಿಲ್ಲ. ಇದು ಮೊದಲ ವಾರದ ಪಾಠ. ಬಲವಂತರು ತಪ್ಪು ಮಾಡಿ ಮುಚ್ಚಿಡುತ್ತಾರೆ ಎಂದು ಕರಪತ್ರಗಳಲ್ಲಿ ಓದಿದ್ದೆ. ನಮ್ಮವರೇ, ಅದೂ ನೀನು, ಹಾಗೆ ಮಾಡುವುದನ್ನು ಯಾವ ಕರಪತ್ರವೂ ಹೇಳಿಕೊಡಲಿಲ್ಲ. ಅಪ್ಪ ಹೇಳಿದ್ದೇ ಸರಿಯಾಗಿತ್ತೇನೋ. ಅಣ್ಣ ಗೋಡೆ ನೋಡುತ್ತ ಮಲಗಿದ್ದಾನೆ. ಒಂದು ಸಾಲು ಸತ್ಯ ಬರೆ.

ರಿಸ್ಟೆನ್


ಬಿಡಾರ
೨೦ ಮಾರ್ಚ್

ರಿಸ್ಟೆನ್,

ಬರೆಯುವುದು ತಡವಾಯಿತು.

ಹೌದು, ಕೇಬಲ್ ನಾನೇ ಬಿಗಿ ಮಾಡಿದ್ದು. ಹಾಗೆಂದೇ ಬರೆದುಕೋ, ಬಿಯೆರಾನಿಗೂ ಹೇಳು. ಇನ್ನು ಈ ವಿಷಯ ಕೆದಕಬೇಡ. ಕೋರ್ಸು ಪೂರ್ತಿ ಮಾಡಿ ಬಾ, ನಿನ್ನಪ್ಪನಿಗೆ ರಿಪೇರಿ ತಿಳಿದವರು ಒಬ್ಬರು ಬೇಕು.

ಮೀನು ಕಾರ್ಖಾನೆಯವರು ಮೇ ತಿಂಗಳಿನಿಂದ ಬಾ ಎಂದಿದ್ದಾರೆ. ಚಳಿ ಇಲ್ಲ, ಮೀನಿನ ವಾಸನೆ ಇದೆ. ನನ್ನ ಸಾರಂಗಗಳನ್ನು ನೋಡಲು ಕೊಳ್ಳುವವರು ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಬರುತ್ತಾರೆ.

ಯೊವ್ನಾ


ಟ್ರೊಮ್ಸೊ
೨೬ ಮಾರ್ಚ್

ಚಿಕ್ಕಪ್ಪ,

ನಿನ್ನ ಕಾಗದ ಇವತ್ತು ಬಂತು. ನಿನ್ನೆ ಬಂದಿದ್ದರೆ ನಂಬುತ್ತಿದ್ದೆನೇನೋ.

ನಿನ್ನೆ ಕರಾಸ್‌ಯೋಕ್ ಕಡೆಯ ಒಬ್ಬರ ಗಾಡಿ ತರಗತಿಗೆ ಬಂದಿತ್ತು. ಅದರ ಆಕ್ಸಿಲರೇಟರ್ ಕೂಡ ಸಿಕ್ಕಿಕೊಂಡಿತ್ತಂತೆ. ಪುಣ್ಯಕ್ಕೆ ಅವರ ಮಣಿಕಟ್ಟಿನಲ್ಲಿ ದಾರ ಇತ್ತು. ಮೇಷ್ಟ್ರು ಕಾರ್ಬ್ಯುರೇಟರ್ ಬಿಚ್ಚಿ, ಚಿಮಟದಿಂದ ಏನನ್ನೋ ಎಳೆದು ನನ್ನ ಅಂಗೈ ಮೇಲಿಟ್ಟರು.

"ಏನಿದು ಹೇಳಿ ನೋಡೋಣ? ನಿಮಗೆ ಗೊತ್ತಿರ್ಬೇಕು."

ಸಾರಂಗದ ಕೂದಲು. ಬೂದು ಬಣ್ಣದ್ದು.

"ನಿಮ್ಮೋರು ಇಂಜಿನ್‌ಗೆ ಚಳಿ ಆಗತ್ತೆ ಅಂತ ಬಾನೆಟ್ ಒಳಗೇ ತೊಗಲು ಹೊದಿಸ್ತಾರಲ್ಲಾ, ಕೂಸಿಗೆ ಹೊದಿಸಿದ ಹಾಗೆ. ಕೂದಲು ಉದುರಿ ಗಾಳಿ ಹೋಗೋ ಬಾಯಿಗೆ ಬೀಳತ್ತೆ. ಬಿಸಿಗೆ ಕರಗಿದ ನೀರು ಅದರ ಜೊತೆ ಹೆಪ್ಪುಗಟ್ಟತ್ತೆ. ಬೆಳಿಗ್ಗೆ ಆಕ್ಸಿಲರೇಟರ್ ಒತ್ತಿದ್ರೆ ಕೊಳವೆ ಮೇಲೆ ಹೋಗತ್ತೆ, ಕೆಳಗೆ ಬರಲ್ಲ. ಕಾರ್ಖಾನೇನೂ ಅಲ್ಲ, ಕೇಬಲ್ಲೂ ಅಲ್ಲ. ಪ್ರೀತಿ ಜಾಸ್ತಿಯಾಯ್ತು, ಅಷ್ಟೇ."

ಎಲ್ಲರೂ ನಕ್ಕರು. ನನಗೆ ಕೈ ಮುಚ್ಚಲು ಆಗಲಿಲ್ಲ.

ಅವತ್ತು ನೀನು ಬರಿಗೈಯಲ್ಲಿ ತೆಗೆದದ್ದು ಇದೇ ಅಲ್ಲವೇ? ಬೇರೇನೂ ಕೇಳುವುದಿಲ್ಲ. ಆ ಕೂದಲಿನ ಬಣ್ಣ ಯಾವುದು?

ರಿಸ್ಟೆನ್


ಬಿಡಾರ
೨ ಏಪ್ರಿಲ್

ರಿಸ್ಟೆನ್,

ಬಣ್ಣ ನೆನಪಿಲ್ಲ. ಕೂದಲು ಅಂದರೆ ಕೂದಲು.

ಯೊವ್ನಾ


ಟ್ರೊಮ್ಸೊ
೭ ಏಪ್ರಿಲ್

ಚಿಕ್ಕಪ್ಪ,

ಅರ್ಧ ಮೈಲಿ ದೂರದಲ್ಲಿ, ಹಿಮ ಸುರಿಯುವಾಗ, ಸಾವಿರದ ಮಂದೆಯಲ್ಲಿ ಒಂದು ಕರುವನ್ನು ನೋಡಿ ಇದರ ಬೆನ್ನು ಬೂದು, ಪಕ್ಕೆ ಹಳದಿ ಮಿಶ್ರ, ಮೂತಿಯ ಮೇಲೆ ಸುಟ್ಟ ಹಾಗೆ ಕಂದು ಎನ್ನುವವನು ನೀನು. ಹತ್ತು ವರ್ಷದ ಹಿಂದೆ ಸತ್ತ ಸಾರಂಗದ ಕಾಲಿನ ಬಣ್ಣ ಹೇಳುತ್ತೀಯ. ನಿನಗೆ ಬಣ್ಣ ನೆನಪಿಲ್ಲ!

ನನಗೆ ನೀನು ಹೇಳಲಾರದ ಬಣ್ಣ ಬಿಳಿ. ನಮ್ಮ ಬಿಡಾರದಲ್ಲಿ ಬಿಳಿ ತೊಗಲು ಇದ್ದದ್ದು ಒಂದೇ. ಅಮ್ಮನ ಬಿಳಿ ಗಂಡು ಸಾರಂಗದ್ದು. ಅಮ್ಮ ಹೋದ ಮೇಲೆ ಅದರ ಮೇಲೆ ಮಲಗುತ್ತಿದ್ದವಳು ನಾನು.

ಡಿಸೆಂಬರ್ ಐದರ ಮಧ್ಯಾಹ್ನ ನೀನು ಕೇಬಲ್ ಸರಿಮಾಡಿ, ಆಕ್ಸಿಲರೇಟರ್ ಒತ್ತಿ ಬಿಟ್ಟು, ಕಿವಿಗೊಟ್ಟು ಕೇಳಿ, ಬಾನೆಟ್ ಮುಚ್ಚಿ ಕಾಫಿಗೆ ಹೋದೆ. ನೀನು ಯಾವಾಗಲೂ ಗಾಡಿಯ ಮೇಲೆ ಹೊರಗಿನಿಂದ ಟಾರ್ಪಾಲು ಮಾತ್ರ ಹಾಕುತ್ತೀಯ. ನನಗೆ ಅದು ಸಾಲದೆನ್ನಿಸಿತು. ನಾಳೆ ಅಣ್ಣ ಹಗ್ಗ ಎಳೆದೆಳೆದು ಬೆವರಿ, ಆ ಬೆವರು ಚಳಿಯಲ್ಲಿ ಆರಬಾರದು ಎಂದು ನನ್ನ ತೊಗಲು ತಂದು, ಬಾನೆಟ್ ಎತ್ತಿ, ಇನ್ನೂ ಬಿಸಿಯಿದ್ದ ಇಂಜಿನ್ ಸುತ್ತ ಸಂದಿಲ್ಲದಂತೆ ತುರುಕಿದೆ. ಕೂದಲಿನ ಬದಿಯೇ ಒಳಗೆ. ಚೆನ್ನಾಗಿ ಮಾಡಿದೆ ಎಂದು ನನಗೆ ಹೆಮ್ಮೆಯಾಗಿತ್ತು.

ಬೆಚ್ಚಗಿನ ಕೋಣೆಯಲ್ಲಿ ಕೂತವರನ್ನು ಎರಡು ತಿಂಗಳು ಬಯ್ದೆ. ಆಮೇಲೆ ನಿನ್ನನ್ನು ಬಯ್ದೆ. ನೀನು ಚಳಿಗೆ ಬೆರಳು ಸುಟ್ಟುಕೊಂಡು ಅಳಿಸಿದ್ದು ನನ್ನ ಗುರುತನ್ನು.

ನಿನ್ನ ಎರಡು ಸಾಲು ಬಂದ ದಿನವೇ ಅಣ್ಣನ ಹತ್ತಿರ ಹೋಗಿ ಹೇಳಿದೆ. ಅವನು ಗೋಡೆ ಬಿಟ್ಟು ನನ್ನ ಕಡೆ ತಿರುಗಿದ.

"ಅವತ್ತು ಬೆಳಿಗ್ಗೆ ಆ ತೊಗಲನ್ನ ಎಳೆದು, ಹಿಂದೆ ಕಟ್ಟಿದ್ದ ಸ್ಲೆಡ್ಜ್ ಮೇಲೆ ಹಾಕಿದ್ದು ನಾನೇ ಕಣೇ. ಸಂದಿಲ್ಲದ ಹಾಗೆ ತುರುಕಿದ್ದೆ. ನನ್ ತಂಗಿ ಬಾಯಿ ಜೋರು, ಕರುಳು ಒಳ್ಳೇದು ಅಂದ್ಕೊಂಡೆ."

"ಬಯ್ಯಿ ಅಣ್ಣಾ."

"ಬಯ್ದ್ರೆ ಮಂಡಿ ಮಡಚತ್ತಾ? ದಾರ ಹ್ಯಾಂಡಲ್‌ಗೆ ಕಟ್ಟಿದ್ದು ಯಾರು? ನಾನು. ಮಂದೆ ಹಿಂದೆ ದಿನಕ್ಕೆ ನೂರು ಸಲ ಇಳಿದು ಹತ್ತೋನಿಗೆ ಅದೊಂದು ರಗಳೆ ಅಂದ್ಕೊಂಡೆ. ಚಿಕ್ಕಪ್ಪ ಯಾವಾಗ್ಲೂ ಸ್ಟಾರ್ಟ್ ಮಾಡೋಕೆ ಮುಂಚೆ ಒತ್ತಿ ಬಿಟ್ಟು 'ಟಕ್' ಅನ್ನೋದು ಕೇಳ್ತಾನೆ. ಗಾಡಿ ಜೊತೆ ಸಂಸಾರ ಮಾಡ್ತಾನೆ ಅಂತ ನಾವೆಲ್ಲ ನಗ್ತಿದ್ವಿ. ನಾನೂ ಒಂದ್ಸಲ ಕೇಳಿದ್ರೆ..." ಅಷ್ಟಕ್ಕೇ ನಿಲ್ಲಿಸಿದ. ಆಮೇಲೆ, "ಚಿಕ್ಕಪ್ಪನ ತಪ್ಪು ಅಂತ ಅಪ್ಪ ಅಂದಾಗ ನಾನು ಸುಮ್ನಿದ್ದೆ. ನಂಗೆ ಅದು ಅನುಕೂಲವಾಗಿತ್ತು" ಎಂದ.

ಅಪ್ಪನಿಗೆ ಬರೆಯುತ್ತೇನೆ ಎಂದಾಗ ಅಣ್ಣ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದು. "ಬರಿ ಬರಿ. ಓದಿ ಹೇಳೋನು ಯಾರು? ಆ ಸಾಲು ಬಂದಾಗ ಚಿಕ್ಕಪ್ಪ ಒಂದ್ಸಲ ಕೆಮ್ತಾನೆ, ಮುಂದಿನ ಸಾಲಿಗೆ ಹೋಗ್ತಾನೆ."

ನಿಜ. ನೀನು ಹಾಗೇ ಮಾಡುತ್ತೀಯ. ಆದ್ದರಿಂದ ಅಪ್ಪನಿಗೆ ಈ ಸಲ ಹಾಳೆ ಇಲ್ಲ. ಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅರವತ್ತು ಪ್ರತಿ ತೆಗೆದಿದ್ದೇನೆ. ಅಂಗಡಿಯ ಮಾಗ್ಗಾಗೆ, ಚರ್ಚಿಗೆ, ಪೆಟ್ರೋಲ್ ಬಂಕಿಗೆ ನಿನ್ನೆಯೇ ಕಳಿಸಿದೆ. ನಮ್ಮ ಭಾಷೆಯಲ್ಲೇ ಇದೆ. ಅಕ್ಷರ ಬಾರದವರಿಗೆ ಜೋರಾಗಿ ಓದಿ ಹೇಳು ಎಂದು ಮಾಗ್ಗಾಗೆ ಬರೆದಿದ್ದೇನೆ. ಒಂದು ಪ್ರತಿ ನಿನಗೆ. ಇದರಿಂದ ಬೇಕಾದರೆ ಒಲೆ ಹೊತ್ತಿಸು.

ರಿಸ್ಟೆನ್

(ಜೊತೆಗಿದ್ದ ಹಾಳೆ)

ಹಿಮಸ್ಕೂಟರ್ ಇರುವ ಎಲ್ಲರಿಗೂ

ಬಾನೆಟ್ ಒಳಗೆ ತೊಗಲು ಹೊದಿಸಬೇಡಿ. ನಾನು ಹೊದಿಸಿದ್ದೆ. ಅದರ ಕೂದಲು ಕಾರ್ಬ್ಯುರೇಟರ್ ಒಳಗೆ ಹೋಗಿ ನನ್ನ ಅಣ್ಣನ ಮಂಡಿ ಹೋಯಿತು. ಹೊರಗಿನಿಂದ ಟಾರ್ಪಾಲು ಹಾಕಿ, ಸಾಕು.

ಹಗ್ಗ ಎಳೆಯುವ ಮೊದಲು ಆಕ್ಸಿಲರೇಟರ್ ಒತ್ತಿ ಬಿಡಿ. 'ಟಕ್' ಎಂದು ವಾಪಸು ಬರಬೇಕು. ಸದ್ದು ಕೇಳಿಸದಿದ್ದರೆ ಸ್ಟಾರ್ಟ್ ಮಾಡಬೇಡಿ. ಇದನ್ನು ಮಾಡುವವರನ್ನು ನೋಡಿ ನಗಬೇಡಿ. ನಾವು ನಕ್ಕಿದ್ದೆವು.

ಕೆಂಪು ದಾರ ಇರುವುದು ಮಣಿಕಟ್ಟಿಗೆ. ಇಳಿದು ಹತ್ತುವುದು ದಿನಕ್ಕೆ ನೂರು ಸಲವಾದರೆ ನೂರು ಸಲ ಕಟ್ಟಿಕೊಳ್ಳಿ.

ಡಿಸೆಂಬರ್ ಐದರಂದು ಯೊವ್ನಾ ಕೇಬಲ್ ಸರಿಯಾಗಿ ಕಟ್ಟಿದ್ದರು. ಅವರು ಸದ್ದು ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಬಾನೆಟ್ ತೆರೆದವಳು ನಾನು.

— ಹೆಯ್ಕಾ ಅವರ ಮಗಳು ರಿಸ್ಟೆನ್


ಕರಾವಳಿಯ ದಾರಿಯಲ್ಲಿ, ಮೂರನೇ ಬಿಡಾರ
೨೫ ಏಪ್ರಿಲ್

ರಿಸ್ಟೆನ್,

ನಿನ್ನ ಮೇಲೆ ನನಗೆ ಕೋಪ ಇದೆ. ಅದನ್ನು ಮೊದಲು ಬರೆಯುತ್ತೇನೆ. ನಾಲ್ಕು ತಿಂಗಳು ನಾನು ಅಂಗಿಯೊಳಗೆ ಇಟ್ಟುಕೊಂಡದ್ದನ್ನು ನೀನು ಅಂಗಡಿಯ ಗೋಡೆಗೆ ಅಂಟಿಸಿದೆ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಮೀನು ಕಾರ್ಖಾನೆ ನನ್ನನ್ನು ಕೊಲ್ಲುತ್ತಿರಲಿಲ್ಲ. ನಿನ್ನ ವಯಸ್ಸು ಇಪ್ಪತ್ತು. ಇನ್ನು ಐವತ್ತು ವರ್ಷ ನಿನ್ನನ್ನು ನೋಡಿದವರು ಮೊದಲು ಆ ಹಾಳೆಯನ್ನು ನೆನೆಯುತ್ತಾರೆ. ಇದು ನಿನಗೆ ತಿಳಿಯಲಿಲ್ಲ, ಅಥವಾ ತಿಳಿದೂ ಮಾಡಿದೆ. ಎರಡನೆಯದೇ ಇರಬೇಕು.

ಹಾಳೆ ಬಂದ ದಿನ ನಿನ್ನಪ್ಪ ಹಿಟ್ಟು ತರಲು ಅಂಗಡಿಗೆ ಹೋಗಿದ್ದ. ಮಾಗ್ಗಾ ಜೋರಾಗಿ ಓದಿದಳಂತೆ. ಅಂಗಡಿಯಲ್ಲಿ ಏಳು ಜನ ಇದ್ದರಂತೆ. ಇವನು, "ಇನ್ನೊಂದ್ಸಲ ಓದಮ್ಮ" ಎಂದನಂತೆ. ಆಮೇಲೆ ಹಿಟ್ಟನ್ನು ಅಲ್ಲೇ ಮರೆತು ಬಂದ.

ಮರುದಿನ ಗಾಡಿಯನ್ನು ನನ್ನ ಡೇರೆಯ ಮುಂದೆ ತಂದು ನಿಲ್ಲಿಸಿದ. ಕೂಡಲೇ ಇಳಿಯಲಿಲ್ಲ.

"ಪಟ್ಟಿ ಮತ್ತೆ ಸಡಿಲ ಆಗಿರ್ಬೇಕು ನೋಡು" ಎಂದ.

ನೋಡಿದೆ. ಎರಡು ಬೆರಳು, ಸರಿಯಾಗಿತ್ತು. "ಹೌದು, ಸ್ವಲ್ಪ ಸಡಿಲ ಇದೆ" ಎಂದೆ. ಬೋಲ್ಟನ್ನು ಕಾಲು ಸುತ್ತು ಬಿಗಿದು, ಅವನು ಆಚೆ ನೋಡಿದಾಗ ಕಾಲು ಸುತ್ತು ಬಿಚ್ಚಿದೆ. ಅವನು ಕಾಫಿ ಕುಡಿದ. ಹೋಗುವಾಗ, "ಸಾರಂಗ ನೋಡೋಕೆ ಬರೋರಿಗೆ ಬರ್ಬೇಡಿ ಅಂತ ಹೇಳಿ ಕಳಿಸು" ಎಂದ. ಅಷ್ಟೇ ಮಾತು.

ಈಗ ನನ್ನವೂ ಅವನವೂ ಒಟ್ಟಿಗೆ ನಡೆಯುತ್ತಿವೆ. ಬಿಯೆರಾ ಕಾರಿನಲ್ಲಿ ಬಂದು ಕರಾವಳಿಯಲ್ಲಿ ಸೇರಿಕೊಳ್ಳುತ್ತಾನೆ. ಅವನು ಕಾಲು ಚಾಚಿಯೇ ಕೂರುವ ಹಾಗೆ ಸ್ಲೆಡ್ಜಿಗೆ ಒಂದು ಹಲಗೆ ಹೊಡೆದಿದ್ದೇನೆ. ಸಿಟ್ಟಾಗುತ್ತಾನೆ, ಆಗಲಿ.

ನಿನ್ನ ಬಗ್ಗೆ ನಿನ್ನಪ್ಪ ಏನೂ ಹೇಳಿಲ್ಲ. ಬೇಸಿಗೆಗೆ ಬಾ ಎಂದು ನಾನು ಬರೆಯಬಹುದು, ಆದರೆ ಅದು ಅವನ ಮಾತಲ್ಲ, ನನ್ನದು. ಸುಳ್ಳು ಬರೆದು ಸಾಕಾಗಿದೆ.

ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಅವನು ಕೆಂಪು ದಾರವನ್ನು ಹಲ್ಲಿನಿಂದ ಎಳೆದು ಮಣಿಕಟ್ಟಿಗೆ ಕಟ್ಟಿಕೊಂಡ. ಆಕ್ಸಿಲರೇಟರ್ ಒತ್ತಿ ಬಿಟ್ಟ. ಟೋಪಿಯ ಕಿವಿ ಎತ್ತಿ ಬಗ್ಗಿ ಕೇಳಿದ. ಇನ್ನೊಮ್ಮೆ ಒತ್ತಿ ಬಿಟ್ಟ, ಮತ್ತೆ ಕೇಳಿದ. ಯಾರೂ ನಗಲಿಲ್ಲ.

ನಿನ್ನ ಬಿಳಿ ತೊಗಲು ಅವನ ಸ್ಲೆಡ್ಜಿನಲ್ಲಿದೆ. ಸುತ್ತಿ, ಹಗ್ಗ ಬಿಗಿದು ಇಟ್ಟಿದ್ದಾನೆ. ಅದರ ಮೇಲೆ ಯಾರನ್ನೂ ಮಲಗಲು ಬಿಟ್ಟಿಲ್ಲ. ನಿನ್ನೆ ನದಿ ದಾಟುವಾಗ ಭಾರ ಇಳಿಸಬೇಕಾಗಿ ಬಂತು. ಹಳೆಯ ಡೇರೆ ಕಂಬ ಎಸೆದ, ಒಂದು ಪೆಟ್ಟಿಗೆ ಎಸೆದ. ತೊಗಲನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ತನ್ನ ಬೆನ್ನಿಗೆ ಕಟ್ಟಿಕೊಂಡು ನದಿ ದಾಟಿದ.

ಯೊವ್ನಾ